ಬಾಗಿಲಿಗೆ ಬಾರದೆ ಓದಿದವರು

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಚನ್ನಪಟ್ಟಣದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಯಾಜ್ ಎಂಬವರ ಸೈಬರ್ ಅಂಗಡಿ ಇತ್ತು. ಅದರ ಬಾಗಿಲಿನ ಎಡಕ್ಕೆ ಸರಳು ಹಾಕಿದ ಕಿಟಕಿ. ಆ ಗೋಡೆಗೆ ಏಣಿ ಒರಗಿಸಿ, ಅರ್ಧದವರೆಗೆ ಹತ್ತಿ ನಿಂತಿದ್ದೆ. ನನ್ನ ಮುಖ ಕಿಟಕಿಯ ಮೇಲಂಚಿಗೆ ಸರಿಯಾಗಿತ್ತು. ಒಳಗಿನ ಮೇಜು, ಅದರ ಮೇಲಿನ ಎರಡನೆಯ ಕಂಪ್ಯೂಟರ್, ಗೋಡೆಗೆ ಆನಿಸಿದ್ದ ಬೊಂಬೆಗಳ ಸ್ಟ್ಯಾಂಡು ಕಾಣುತ್ತಿದ್ದವು. ಬಾಗಿಲ ಹಿಂದಿನ ಮೂಲೆ ಕಾಣುತ್ತಿರಲಿಲ್ಲ. ಅಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ, ಅದನ್ನು ಬರೆಯುವುದೂ ಇಲ್ಲ. ರಾಮನಗರ ಜಿಲ್ಲೆಯಾದ ಮರುವರ್ಷ, ಕಾರ್ತಿಕದ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ಆಗ ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮ್ಯಾನ್. ಮಳೆಗೆ ನೆಂದು ಕೆಟ್ಟ ತಂತಿ ಬದಲಿಸಲು ಹೋಗಿದ್ದೆ.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಆ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದ ಹೆಂಗಸೊಬ್ಬರು ಕಳೆದ ತಿಂಗಳು ತೀರಿಕೊಂಡರು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಒಬ್ಬರು, ದೂರದ ನೆಂಟರಂತೆ, ಅನ್ನ ಕಲಸುತ್ತಾ ಹೇಳಿದರು: “ಪಾಪ, ಒಳ್ಳೇ ಹೆಂಗಸು. ಅದೇನೋ ಬ್ಲಾಗು ಅಂತ ಬರೀತಿದ್ರು. ಯಾರು ಓದ್ತಿದ್ರು ಹೇಳಿ ಅದನ್ನ?”

ಎಲೆಯ ಮುಂದೆ ಕುಳಿತು ಜಗಳವಾಡಬಾರದೆಂದು ಸುಮ್ಮನಿದ್ದೆ. ಈಗ ಎಲೆ ಎತ್ತಿ ಆಗಿದೆ, ಹೇಳುತ್ತೇನೆ. ಓದುತ್ತಿದ್ದರು. ಯಾರು ಓದುತ್ತಾರೆ, ಯಾವುದರಲ್ಲಿ ಓದುತ್ತಾರೆ, ಓದಲು ಬಂದವರ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಅವರಷ್ಟು ವಿಚಾರಿಸಿಕೊಂಡವರು ಈ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬ್ಲಾಗಿನಲ್ಲಿ ಅವರೂ ಬರೆದಿರಲಿಲ್ಲ. ಪ್ರತಿ ಬರಹದ ಕೊನೆಗೆ ‘ಆಪರೇಟರ್’ ಎಂದಷ್ಟೇ ಇರುತ್ತಿತ್ತು. ಅದು ಅವರ ಹಳೆಯ ಕೆಲಸ. ಟ್ರಂಕ್ ಕಾಲ್‌ಗಳ ಕಾಲದಲ್ಲಿ ಅವರು ನಮ್ಮ ಎಕ್ಸ್‌ಚೇಂಜಿನ ಆಪರೇಟರ್. ಎತ್ತರದ ಆಳು, ದಪ್ಪ ಕನ್ನಡಕ, ಮಳೆ ಇರಲಿ ಬಿಡಲಿ ಕೈಯಲ್ಲೊಂದು ಕೊಡೆ. ಯಾರ ಮಾತನ್ನಾದರೂ ಕೇಳುವಾಗ ತಲೆಯನ್ನು ಎಡಕ್ಕೆ ವಾಲಿಸಿ ಅಂಗೈಯನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಕಿವಿಗೆ ಹಾಕಿಕೊಳ್ಳುವ ಆ ಭಾರದ ಹೆಡ್‌ಸೆಟ್ ಹೋಗಿ ಎಷ್ಟೋ ವರ್ಷವಾದರೂ ಕೈಗೆ ಅದರ ಅಭ್ಯಾಸ ಹೋಗಿರಲಿಲ್ಲ. ಮಾತಾಡಿ ಎದ್ದು ಹೊರಡುವಾಗ ಎದುರಿನವರನ್ನು ಒಂದು ಮಾತು ಕೇಳುವರು: “ಮಾತು ಮುಗೀತಾ?” ಕಾಲ್ ಕಡಿಯುವ ಮೊದಲು ಕೇಳಲೇಬೇಕಾದ ಪ್ರಶ್ನೆ ಅದು. ಮೀನಿನವಳನ್ನೂ ಹಾಗೇ ಕೇಳುತ್ತಿದ್ದರು, ತಹಸೀಲ್ದಾರರನ್ನೂ.

ನಾನು ಇಲಾಖೆಗೆ ಹೊಸದಾಗಿ ಸೇರಿದಾಗ ನಡೆದದ್ದು. ಊರಿನ ದೊಡ್ಡವರೊಬ್ಬರಿಗೆ ತುರ್ತಾಗಿ ಮೈಸೂರಿನ ಲೈನು ಬೇಕಾಗಿತ್ತು. ಆ ಲೈನಿನಲ್ಲಿ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಅವಳ ಗಂಡ ಅಲ್ಲಿ ಆಸ್ಪತ್ರೆಯಲ್ಲಿದ್ದ. ನಮ್ಮ ಮೇಲಧಿಕಾರಿ ಬಂದು, “ಅದನ್ನ ಕಟ್ ಮಾಡಿ, ಸಾಹೇಬ್ರಿಗೆ ಕೊಡಿ” ಎಂದರು. ಇವರು ತಿರುಗಿ ನೋಡಲಿಲ್ಲ. “ಆಯಮ್ಮಂದು ಇನ್ನೂ ಮುಗ್ದಿಲ್ಲ ಸಾರ್” ಎಂದರು. ಆ ಮಾತಿಗೆ ಒಂದು ಮೆಮೊ ಬಂತು. ಅವರು ಅದನ್ನು ಮಡಿಸಿ ತಿಂಡಿ ಡಬ್ಬಿಯ ಕೆಳಗೆ ಇಟ್ಟುಕೊಂಡರು, ಮೇಜಿಗೆ ಬಿಸಿ ತಾಗದಿರಲಿ ಎಂದು.

ಎಕ್ಸ್‌ಚೇಂಜು ಆಟೋಮ್ಯಾಟಿಕ್ ಆದ ಮೇಲೆ ಕೌಂಟರಿನಲ್ಲಿ ಕುಳಿತರು. ಬೇಸರವಾಗಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ನಯಾಜ್ ಸೈಬರ್ ಅಂಗಡಿ ತೆರೆದದ್ದು ಅದೇ ಸುಮಾರಿಗೆ. ಅವರದು ಬೊಂಬೆ ಮಾಡುವ ಮನೆತನ. ಹಿಂದಿನ ಕೋಣೆಯಲ್ಲಿ ಅವರ ತಂದೆ ಲೇತ್‌ನಲ್ಲಿ ಮರ ಕಡೆಯುತ್ತಿದ್ದರು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್‌ಗಳು. ಇಡೀ ಅಂಗಡಿ ಅರಗಿನ ವಾಸನೆ. ಕೀಬೋರ್ಡ್ ತಲೆಕೆಳಗು ಮಾಡಿ ತಟ್ಟಿದರೆ ಮರದ ಪುಡಿ ಉದುರುತ್ತಿತ್ತು. ದಿನಾ ಮಧ್ಯಾಹ್ನ ಆಪರೇಟರ್ ಮೇಡಂ ಬಂದು ಎರಡನೆಯ ಕಂಪ್ಯೂಟರಿನ ಮುಂದೆ ಕೂರುವರು. ಬರೆಯುತ್ತಿದ್ದದ್ದು ನಮ್ಮೂರಿನ ಸಂಗತಿಗಳನ್ನು: ಯಾವ ರೈಲಿನ ಸಮಯ ಬದಲಾಯಿತು, ಹೆದ್ದಾರಿ ಅಗಲ ಮಾಡಲು ಯಾವ ಮರ ಕಡಿದರು, ಬಿಡದಿಯ ಕಾರ್ಖಾನೆಗೆ ಹೋಗುವ ಹುಡುಗರು ಪ್ಯಾಸೆಂಜರ್ ರೈಲಿನಲ್ಲಿ ಹೇಗೆ ಜೋತು ಬೀಳುತ್ತಾರೆ, ಯಾವ ಹೋಟೆಲಿನ ತಟ್ಟೆ ಇಡ್ಲಿ ಸಣ್ಣದಾಯಿತು.

ಬರೆಯುವುದಕ್ಕಿಂತ ಹೆಚ್ಚು ಹೊತ್ತು ಅವರು ನೋಡುತ್ತಿದ್ದದ್ದು ಇನ್ನೊಂದು ಪುಟವನ್ನು. ಬ್ಲಾಗಿಗೆ ಬಂದವರನ್ನು ಎಣಿಸುವ ಪುಟ ಅದು. ಬಂದವರ ಹೆಸರು ಅದರಲ್ಲಿ ಇರುವುದಿಲ್ಲ, ಯಾವ ಬ್ರೌಸರಿನಲ್ಲಿ ಬಂದರು ಎಂಬುದಿರುತ್ತದೆ. ನೀಲಿ ಬಣ್ಣದ ‘ಇ’ ಅಕ್ಷರದ ಗುರುತು ಒಂದಕ್ಕೆ, ಬೆಂಕಿ ಬಾಲದ ನರಿಯ ಗುರುತು ಒಂದಕ್ಕೆ, ಇನ್ನೂ ಒಂದೆರಡು. ಊರು ಎಂದಿರುವಲ್ಲಿ ಎಲ್ಲರಿಗೂ ಬೆಂಗಳೂರು ಎಂದೇ ತೋರಿಸುತ್ತಿತ್ತು. ಅದು ಅವರಿಗೆ ಸಿಟ್ಟು ತರಿಸುವುದು. “ನೋಡು, ಜಿಲ್ಲೆನೇ ಬ್ಯಾರೆ ಆದ್ರೂ ಇವನಿಗೆ ನಾವಿನ್ನೂ ಬೆಂಗಳೂರೇ” ಎಂದು ಪರದೆಯನ್ನು ಬೆರಳಿನಿಂದ ಕುಟ್ಟುವರು. ಊರನ್ನು ನಂಬದೆ ಬ್ರೌಸರನ್ನು ನಂಬಿದರು. ಎಕ್ಸ್‌ಚೇಂಜಿನಲ್ಲಿ ಲೈನಿನ ಗೊರಗೊರ ಸದ್ದಿನ ಮೇಲೆ ಇದು ಕನಕಪುರ, ಇದು ಮಳವಳ್ಳಿ ಎಂದು ಹೇಳುತ್ತಿದ್ದವರಲ್ಲವೆ. ಇಲ್ಲೂ ಅದನ್ನೇ ಮಾಡಹೊರಟರು.

ಎಷ್ಟೋ ಸಲ ತಪ್ಪಿದರು. ಒಬ್ಬ ಓದುಗನಿದ್ದ. ಹಗಲೂ ಬರುವನು, ಸರಿಹೊತ್ತಿನಲ್ಲೂ ಬರುವನು, ಹಳೆಯ ಬರಹಗಳನ್ನೂ ಒಂದೂ ಬಿಡದೆ ತೆರೆಯುವನು. ಅವನ ಬ್ರೌಸರಿನ ಹೆಸರು ಮಾತ್ರ ವಿಚಿತ್ರವಾಗಿತ್ತು. ಇವರಿಗೆ ಮರುಕ ಹುಟ್ಟಿತು. “ಯಾರೋ ನಿದ್ದೆ ಬರ್ದೆ ಒದ್ದಾಡ್ತಾವ್ನೆ ಕಣ್ ನಯಾಜು. ಹೆಂಡ್ತಿ ಸತ್ತಿರಬೈದು” ಎಂದು, ಅವನಿಗಾಗಿಯೇ ನಿದ್ದೆ ಬರಲು ಗಸಗಸೆ ಹಾಲು ಕಾಯಿಸುವುದು ಹೇಗೆಂದು ಒಂದು ಬರಹ ಹಾಕಿದರು. ನಯಾಜ್ ಅದನ್ನು ಓದಿ ನಗು ತಡೆಯಲಾರದೆ, “ಅಕ್ಕಾ, ಅವ್ನು ಮನ್ಸ ಅಲ್ಲ, ರೋಬೋಟ್. ಹುಡುಕೋ ಕಂಪನಿಯವ್ರು ಬುಟ್ಟಿರೋ ಮಷೀನು” ಎಂದರು. ಮೇಡಂ ಆ ವಿಚಿತ್ರ ಹೆಸರನ್ನು ಮತ್ತೊಮ್ಮೆ ಓದಿದರು. ಆಮೇಲೆ, “ಮಷೀನಾದ್ರೇನ್ಲಾ, ದಿನಾ ಬತ್ತಾನೆ. ನಮ್ಮ ವಾರ್ಡಿನ ಮೆಂಬ್ರು ಒಂದು ದಿನ ಬಂದವ್ನಾ?” ಎಂದರು. ಗಸಗಸೆ ಹಾಲಿನ ಬರಹವನ್ನು ತೆಗೆಯಲಿಲ್ಲ.

ಹಳೆಯ ನೀಲಿ ಇ ಬ್ರೌಸರಿನಲ್ಲಿ ಬರುವ ಕೆಲವರು ಪುಟ ತೆರೆದ ಕೂಡಲೇ ಹೋಗಿಬಿಡುತ್ತಿದ್ದರು. ಬರುವುದು, ಹೋಗುವುದು, ಮರುದಿನ ಮತ್ತೆ ಬರುವುದು, ಮತ್ತೆ ಹೋಗುವುದು. ಇದು ಮೇಡಂ ಅವರ ತಲೆ ತಿನ್ನತೊಡಗಿತು. ಒಮ್ಮೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದ ಒಂದು ಕಾಮೆಂಟು ಬಂತು: ನಾನು ಮಾಗಡಿಯಿಂದ ನೋಡುತ್ತಿದ್ದೇನೆ, ಬರೀ ಡಬ್ಬಿ ಡಬ್ಬಿ ಕಾಣುತ್ತದೆ, ಏನು ಬರೆದಿದ್ದೀರಿ? ಆ ಕಾಲದ ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಮೂಡುವ ಏರ್ಪಾಡನ್ನು ಬೇರೆಯಾಗಿ ಹಾಕಬೇಕಿತ್ತು. ಇಲ್ಲದಿದ್ದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಖಾಲಿ ಚೌಕ ಕಾಣುತ್ತಿತ್ತು.

ಮರುದಿನ ಅವರು ನಯಾಜ್ ಹತ್ತಿರ ಕನ್ನಡ ಹಾಕುವ ಸಿ.ಡಿ. ಇಸಿದುಕೊಂಡು, ಕೊಡೆ ಹಿಡಿದು, ಮಾಗಡಿಯ ಬಸ್ಸು ಹತ್ತಿದರು. ನಾನು ರಜೆಯಲ್ಲಿದ್ದೆ, ಜೊತೆಗೆ ಹೋದೆ. ಮಾಗಡಿಯಲ್ಲಿ ಒಂದು ಸೈಬರ್ ಅಂಗಡಿಗೆ ನುಗ್ಗಿದಾಗ ಅದರ ಮಾಲೀಕ ತಲೆ ಎತ್ತದೆ ಕೇಳಿದ: “ರಿಸಲ್ಟಾ, ಟಿಕೆಟ್ಟಾ?”

“ಎರಡೂ ಅಲ್ಲ ಕಣಪ್ಪ. ನಿನ್ ಕಂಪ್ಯೂಟ್ರಿಗೆ ಕನ್ನಡ ಬರಾಕಿಲ್ವಂತೆ. ಕಲ್ಸಾಕ್ ಬಂದಿವ್ನಿ.”

“ನಮ್ ಕಂಪ್ಯೂಟ್ರಿಗೆ ಕನ್ನಡ ಯಾಕಮ್ಮ? ಕಸ್ಟಮರ್ಸು ಬರೋದು ಚಾಟಿಂಗಿಗೆ.”

“ನೀನು ಯಾವ ಭಾಷೇಲಿ ಮಾತಾಡ್ತಿದ್ದೀಯ ಈಗ?”

ಅವನು ನಕ್ಕುಬಿಟ್ಟ. ಸಂಜೆಯವರೆಗೆ ಕುಳಿತು ಅವನ ಅಂಗಡಿಯ ಎಲ್ಲ ಕಂಪ್ಯೂಟರುಗಳಿಗೂ ಕನ್ನಡ ಹಾಕಿಸಿದರು. ಆಮೇಲೆ ರಾಮನಗರ, ಕನಕಪುರ. ಎಲ್ಲೋ ಕೆಲವರು ಬೈದು ಕಳಿಸಿದರು. “ಮಾತು ಮುಗೀತಾ?” ಎಂದು ಕೇಳಿ, ಮುಂದಿನ ವಾರ ಮತ್ತೆ ಹೋಗುವರು. ಬಂದು ಹೋಗಿಬಿಡುತ್ತಿದ್ದ ನೀಲಿ ಇ ಓದುಗರು ಪುಟದಲ್ಲಿ ಉಳಿಯತೊಡಗಿದಾಗ ಅವರ ಮುಖ ನೋಡಬೇಕಿತ್ತು. ಮಾಗಡಿಯ ಆ ಅಂಗಡಿಯಲ್ಲಿ ಒಂದು ಪರದೆಯ ಮುಂದೆ ಅಷ್ಟು ಜನ ಕುರ್ಚಿ ಎಳೆದು ಕುಳಿತು, ಒಬ್ಬ ಗಟ್ಟಿಯಾಗಿ ಓದುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಎಣಿಸುವ ಪುಟ ಅದನ್ನು ಒಬ್ಬರೆಂದು ಎಣಿಸುತ್ತಿತ್ತು.

ಫೀಡ್ ರೀಡರಿನವರ ಮೇಲೆ ಮಾತ್ರ ಅವರಿಗೆ ಮೊದಮೊದಲು ಮುನಿಸು. ಫೀಡ್ ರೀಡರ್ ಎಂದರೆ, ನೀವು ಬ್ಲಾಗಿಗೆ ಹೋಗಬೇಕಾಗಿಲ್ಲ, ಹೊಸ ಬರಹ ಬಂದ ಕೂಡಲೇ ಅದೇ ನಿಮ್ಮಲ್ಲಿಗೆ ತಂದು ಇಡುತ್ತದೆ. ನಯಾಜ್ ಇದನ್ನು ವಿವರಿಸಿದಾಗ, “ಬಾಗಿಲಿಗೆ ಬರ್ದೆ ಹೊರಗಿಂದ್ಲೇ ಇಸ್ಕಂಡು ಹೋಗೋರು ಎಂಥಾ ನೆಂಟ್ರು?” ಎಂದರು. ನಯಾಜ್ ಒಂದು ಉಪಾಯ ಹೇಳಿದರು: “ಅಕ್ಕಾ, ಫೀಡಿಗೆ ಮೊದಲಿನ ನಾಕು ಸಾಲು ಮಾತ್ರ ಬುಡೋ ಹಂಗೆ ಸೆಟ್ ಮಾಡಬೋದು. ಪೂರ್ತಿ ಬೇಕಂದ್ರೆ ಇಲ್ಲಿಗೇ ಬರಬೇಕು. ಎಲ್ರೂ ಹಂಗೇ ಮಾಡ್ತಾರೆ, ಕೌಂಟ್ ಜಾಸ್ತಿ ಆಯ್ತದೆ.”

ಅವರು ಕನ್ನಡಕ ತೆಗೆದು ನಯಾಜ್‌ನನ್ನು ನೋಡಿದರು. “ಹಸ್ದು ಬಂದೋರಿಗೆ ಅರ್ಧ ಮುದ್ದೆ ಇಕ್ಕಿ, ಇನ್ನರ್ಧಕ್ಕೆ ಒಳೀಕ್ ಬನ್ನಿ ಅಂತೀಯೇನ್ಲಾ? ಪೂರ್ತಿ ಬುಡು. ಫೋಟೋನೂ ಬುಡು.”

ಅಲ್ಲಿಗೆ ಅದು ತೀರ್ಮಾನವಾಯಿತು.

ಇನ್ನು ಜಯಮ್ಮನ ವಿಷಯ. ಅಕ್ಕೂರಿನ ಕಡೆಯವಳು. ರೇಷ್ಮೆ ಹುಳು ಸಾಕಿ ಬಾಳುತ್ತಿದ್ದವಳು. ಆ ವರ್ಷಗಳಲ್ಲಿ ಬಿಡದಿಯ ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಸಾಮಾನು ಮಾಡಿಕೊಡುವ ಶೆಡ್ಡುಗಳು ಹಿಪ್ಪುನೇರಳೆ ತೋಟಗಳ ನಡುವೆ ಅಣಬೆಗಳಂತೆ ಎದ್ದವು. ಜಯಮ್ಮನ ತೋಟದ ಪಕ್ಕದ ಶೆಡ್ಡಿನಲ್ಲಿ ಕಬ್ಬಿಣದ ತುಂಡುಗಳಿಗೆ ಹೊಳಪಿನ ಲೋಹ ಲೇಪಿಸುತ್ತಿದ್ದರು. ಅದರ ಕಾಂಪೌಂಡಿನ ಬುಡದಿಂದ ಒಂದು ಪೈಪು ಹಳ್ಳಕ್ಕೆ ತೆರೆದಿತ್ತು. ಹಳ್ಳದ ನೀರು ಹಸಿರಾಯಿತು. ಹಳ್ಳದ ಮಗ್ಗುಲಲ್ಲೇ ಇದ್ದ ಅವಳ ಬಾವಿಯ ನೀರೂ ಬಣ್ಣಕ್ಕೆ ತಿರುಗಿತು. ಆ ನೀರು ಕುಡಿದ ಸೊಪ್ಪಿನ ಅಂಚು ಸುಟ್ಟಂತಾಯಿತು. ನಾಲ್ಕನೆಯ ಜ್ವರ, ಎಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದ ಹುಳು, ಇನ್ನೇನು ಗೂಡು ಕಟ್ಟಬೇಕು, ಆ ಸೊಪ್ಪು ತಿಂದು ತಟ್ಟೆಗಳಲ್ಲೇ ಕಪ್ಪಾಗಿ ಕರಗಿದವು. ಗೂಡು ಕಟ್ಟಿಸಲು ಇಟ್ಟಿದ್ದ ಚಂದ್ರಿಕೆಗಳು ಮನೆಯ ಗೋಡೆಗೆ ಒರಗಿ ಖಾಲಿ ನಿಂತವು.

ಶೆಡ್ಡಿನ ಮ್ಯಾನೇಜರ್ ಜಯಮ್ಮನಿಗೆ, “ಅದು ಪಾಚಿ ಕಣಮ್ಮ” ಎಂದಿದ್ದರಂತೆ. ಅವಳು, “ಪಾಚಿ ಕೈಗೆ ಅಂಟ್ಕತದೆ ಸೋಮಿ, ಇದು ಕೈ ಸುಡ್ತದೆ” ಎಂದಿದ್ದಳಂತೆ. ದೂರು ಕೊಟ್ಟಳು. ಮಾಲಿನ್ಯ ನೋಡುವ ಅಧಿಕಾರಿ, “ಬಂದು ಪರೀಕ್ಷಿಸುತ್ತೇವೆ” ಎಂದರು. ಯಾರೋ ಹೇಳಿದರೆಂದು ಅವಳು ಆಪರೇಟರ್ ಮೇಡಂ ಅವರನ್ನು ಹುಡುಕಿಕೊಂಡು ನಯಾಜ್ ಅಂಗಡಿಗೆ ಬಂದಳು. ಮರುದಿನವೇ ಇಬ್ಬರೂ ನಯಾಜ್‌ನ ಕ್ಯಾಮೆರಾ ಸಮೇತ ಹೋಗಿ ನೋಡಿ ಬಂದರು. ನೀರು ಸುರಿಯುತ್ತಿರುವ ಪೈಪಿನ ಪಕ್ಕ, ಒಂದು ಚಪ್ಪಡಿಯ ಮೇಲೆ ಜಯಮ್ಮ ನಿಂತ ಫೋಟೋ ತೆಗೆದರು. ‘ಜಯಮ್ಮನ ಹುಳು ಯಾಕೆ ಸತ್ತವು’ ಎಂದು ಬರೆದರು. ಹೆಸರು ಹಾಕುವುದು ಬೇಡ, ಅವಳಿಗೆ ತೊಂದರೆಯಾದೀತು ಎಂದು ಮೇಡಂ ಅಂದುಕೊಂಡಿದ್ದರು. ಜಯಮ್ಮ ಒಪ್ಪಲಿಲ್ಲ. “ನನ್ನೆಸ್ರು ಹಾಕ್ರಕ್ಕಾ. ಯಾವಳೋ ಒಬ್ಳು ಅಂದ್ರೆ ಯಾವನ್ ಕೇಳ್ತಾನೆ?” ಅವಳಿಗೆ ಅಕ್ಷರ ಬಾರದು. ನಯಾಜ್ ಪೂರ್ತಿ ಓದಿ ಹೇಳಿದರು. ಅವಳು ಎರಡು ಕಡೆ ತಿದ್ದಿಸಿದಳು.

ಅಧಿಕಾರಿ ಬುಧವಾರ ಬರುವುದೆಂದು ಗೊತ್ತಾಯಿತು. ಅದಕ್ಕೆ ಮೊದಲಿನ ಭಾನುವಾರ ಶೆಡ್ಡಿನವರು ಪೈಪನ್ನು ಕತ್ತರಿಸಿ, ತೂತಿಗೆ ಸಿಮೆಂಟು ಬಳಿದು, ಇಡೀ ಕಾಂಪೌಂಡಿಗೆ ಸುಣ್ಣ ಹೊಡೆಸಿದರು. ಪೈಪು ಇತ್ತು ಎನ್ನುವುದಕ್ಕೆ ಉಳಿದದ್ದು ಬ್ಲಾಗಿನ ಆ ಫೋಟೋ ಒಂದೇ. ಅದು ಹೋದರೆ ಜಯಮ್ಮನ ಮಾತು ಗಾಳಿಯಲ್ಲಿ ಹೋದ ಹಾಗೆ. ಇದು ಶೆಡ್ಡಿನವರಿಗೂ ಗೊತ್ತಿತ್ತು. ಅದಕ್ಕೇ ಸೋಮವಾರ ಬಂದರು.

ಜೀಪಿನಿಂದ ಇಳಿದವರು ಮೂವರು: ಮ್ಯಾನೇಜರ್, ಊರಿನಲ್ಲಿ ‘ಲೀಡರ್’ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ, ಮತ್ತು ಜಯಮ್ಮ. ಅವಳನ್ನು ತೋಟದಿಂದಲೇ ಹತ್ತಿಸಿಕೊಂಡು ಬಂದಿದ್ದರು. ಸೆರಗಿಗೆ ಮಣ್ಣಾಗಿತ್ತು. ನಾನು ಏಣಿಯ ಮೇಲೆ ಇದ್ದೆ. ಅವರು ನನ್ನನ್ನು ನೋಡಿದರು, ಲೈನ್‌ಮ್ಯಾನ್ ಅಷ್ಟೇ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಮ್ಯಾನೇಜರ್ ಮೆಲುದನಿಯವರು. “ಅಮ್ಮಾ, ಒಂದು ತಪ್ಪು ತಿಳುವಳಿಕೆ ಆಗಿದೆ. ಈಕೆ ತಾನು ಹಾಗೆ ಹೇಳೇ ಇಲ್ಲ ಅಂತಾಳೆ. ಕೇಳಿ ಬೇಕಾದ್ರೆ” ಎಂದರು.

ಆಪರೇಟರ್ ಮೇಡಂ ಕುರ್ಚಿಯಿಂದ ಏಳದೆ ತಲೆ ವಾಲಿಸಿ, ಕಿವಿಗೆ ಕೈ ಒತ್ತಿಕೊಂಡರು. “ಹೇಳು ಜಯಮ್ಮ.”

ಲೀಡರ್ ಅವಳ ಹಿಂದೆಯೇ ನಿಂತಿದ್ದ. ಜಯಮ್ಮ ಅವನನ್ನೊಮ್ಮೆ ನೋಡಿದಳು, ನೆಲ ನೋಡಿದಳು. ಆಮೇಲೆ ಹೇಳಿದಳು: “ನಾನೇ ಹೇಳಿದ್ದು. ಇನ್ನೊಂದ್ ಕಿತ ಹೇಳ್ಲಾ?”

ಲೀಡರ್ ಸಿಟ್ಟಿನಲ್ಲಿ ನಯಾಜ್ ಕಡೆ ತಿರುಗಿದ. “ಏನ್ ಸಾಬ್ರೆ, ಅಂಗ್ಡಿ ನಡೀಬೇಕೋ ಬ್ಯಾಡ್ವೋ? ಲೈಸೆನ್ಸು ಯಾರ್ ಕೊಡಿಸಿದ್ದು, ಮರ್ತೋಯ್ತಾ? ಅಳಿಸ್ಸು ಅನ್ನು ಆಯಮ್ಮಂಗೆ.”

ನಯಾಜ್ ಬಾಯಿ ತೆರೆಯುವ ಮೊದಲೇ ಮೇಡಂ ಹೇಳಿದರು: “ಅವನ್ನ ಯಾಕ್ ಕೇಳ್ತೀಯ? ಬರ್ದೋಳು ನಾನು. ನಾನು ಅಳಿಸಾಕಿಲ್ಲ. ಮಾತು ಮುಗೀತಾ?”

ಆಗ ಲೀಡರ್ ಅವರ ತೋಳು ಹಿಡಿದು ಕುರ್ಚಿಯಿಂದ ಎಳೆದ. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುತ್ತೇನೆ. ಮೊದಲು ಕುರ್ಚಿ ಉರುಳಿತು. ಅವರ ಬೆನ್ನು ಬೊಂಬೆಯ ಸ್ಟ್ಯಾಂಡಿಗೆ ಬಡಿಯಿತು. ಸ್ಟ್ಯಾಂಡು ವಾಲಿ, ಕೆಂಪು ಹಳದಿ ಬೊಂಬೆಗಳೆಲ್ಲ ಅವರ ಮೇಲೆ ಸುರಿದು ನೆಲದ ತುಂಬ ಉರುಳಿದವು. ಕನ್ನಡಕ ಬಿತ್ತು. ಜಯಮ್ಮ ಕೂಗಿಕೊಂಡಳು. ಹಿಂದಿನ ಕೋಣೆಯಲ್ಲಿ ಲೇತ್ ನಿಂತಿತು. ನಾನು ಏಣಿ ಇಳಿದು ಒಳಗೆ ಬರುವಷ್ಟರಲ್ಲಿ ಮ್ಯಾನೇಜರ್ ಕುರ್ಚಿ ಎತ್ತಿ ನಿಲ್ಲಿಸಿ, ಅವರ ಜಾಗದಲ್ಲಿ ಕುಳಿತುಬಿಟ್ಟಿದ್ದರು. ಬ್ಲಾಗು ತೆರೆದೇ ಇತ್ತು. ಅವರಿಗೆ ಕೆಲಸ ಗೊತ್ತಿತ್ತು. ಒಂದು ಬರಹವನ್ನಲ್ಲ, ಇಡೀ ಬ್ಲಾಗನ್ನೇ ಅಳಿಸಿದರು. ಆ ಕಂಪ್ಯೂಟರಿನಲ್ಲಿ ನಯಾಜ್ ಇಟ್ಟಿದ್ದ ಫೋಟೋಗಳನ್ನೂ ಹುಡುಕಿ ಅಳಿಸಿದರು. ಅಳಿಸಿದ್ದನ್ನು ಮರಳಿ ತರುವ ದಾರಿ ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕ್ಯಾಮೆರಾದಲ್ಲಿ ಆಗಲೇ ಯಾರದೋ ಮದುವೆ ತುಂಬಿತ್ತು.

ಅಳಿಸಿದ ಮೇಲೆ ಎಣಿಸುವ ಪುಟ ಮ್ಯಾನೇಜರ್ ಕಣ್ಣಿಗೆ ಬಿತ್ತು. ಅದು ಬೇರೊಂದು ಸೈಟಿನದು, ಹಾಗೇ ಉಳಿದಿತ್ತು. ಅವರು ಅದನ್ನು ನೋಡಿ ನಕ್ಕರು. “ಇಷ್ಟಕ್ಕೆ ಇಷ್ಟೆಲ್ಲಾ ಬೇಕಿತ್ತಾ ಅಮ್ಮಾ? ನೋಡಿ, ಹಳೇ ಬ್ರೌಸರ್ ಒಂದಿಷ್ಟು, ಹೊಸದು ನಾಲ್ಕಾರು. ಅದರಲ್ಲೂ ಅರ್ಧ ನೀವೇ ಇರಬೇಕು. ಯಾರು ಓದ್ತಾರೆ ನಿಮ್ಮನ್ನ?”

ಮೇಡಂ ನೆಲದ ಮೇಲೆ, ಬೊಂಬೆಗಳ ನಡುವೆ ಕುಳಿತಿದ್ದರು. ಜಯಮ್ಮ ಕನ್ನಡಕ ಹುಡುಕಿ ಕೊಟ್ಟಳು. ಒಂದು ಗಾಜು ಸೀಳಿತ್ತು. ಅದನ್ನೇ ಹಾಕಿಕೊಂಡು ಪರದೆಯ ಕಡೆ ನೋಡಿದರು.

“ಆ ಹಳೇ ನೀಲಿ ಇ ಅಂದ್ರಲ್ಲ, ಅದು ಮಾಗಡಿ. ಅಲ್ಲಿ ಒಂದು ಪರದೆಗೆ ಕುರ್ಚಿ ಎಳ್ಕಂಡು ಅಷ್ಟೊಂದು ಜನ ಕೂರ್ತಾರೆ. ಅದರ ಕೆಳಗಿರೋದು ರಾಮನಗರ, ಗೂಡಿನ ಮಾರ್ಕೆಟ್ಟಿಗೆ ಬಂದೋರು ನೋಡ್ಕಂಡು ಹೋಗ್ತಾರೆ. ನರಿ ಐತಲ್ಲ, ಅದು ನಿಮ್ಮ ಬಿಡದೀದು ಸಾರ್. ನಿಮ್ಮ ಹುಡುಗ್ರೇ. ರೋಬೋಟೂ ಒಂದು ಐತೆ, ಅವನ್ನ ಲೆಕ್ಕಕ್ಕೆ ಹಿಡಿಬ್ಯಾಡಿ.” ಅವರು ಉಸಿರು ತೆಗೆದುಕೊಂಡರು. “ಕೊನೇಲಿ ಫೀಡ್ ರೀಡರ್ ಅಂತ ಬರ್ದೈತೆ ನೋಡಿ. ಅವ್ರು ಇಲ್ಲೀಗಂಟ ಬರೋದೇ ಇಲ್ಲ. ನಾನು ಬರ್ದಿದ್ದು ಪೂರ್ತಿ ಅವರ ಮನೇಲೈತೆ. ಹೋಗಿ, ಒಂದೊಂದು ಮನೆಗೂ ಹೋಗಿ ಅಳಿಸ್ಕಂಡ್ ಬನ್ನಿ. ನಾನಿಲ್ಲೇ ಕೂತಿರ್ತೀನಿ.”

ಲೀಡರ್‌ಗೆ ಅದೇನೆಂದು ತಿಳಿಯಲಿಲ್ಲ. ಮ್ಯಾನೇಜರ್‌ಗೆ ತಿಳಿಯಿತು. ಅವರ ನಗು ನಿಂತದ್ದನ್ನು ನಾನು ಎದುರಿನಿಂದ ನೋಡಿದೆ. “ನಡೀರಿ” ಎಂದು ಎದ್ದುಬಿಟ್ಟರು.

ನಾನೂ ಜಯಮ್ಮನೂ ಮೇಡಂ ಅವರನ್ನು ಎತ್ತಿ ಕೂರಿಸಿದೆವು.  ನಯಾಜ್ ಟೀ ತಂದರು. ಆಸ್ಪತ್ರೆಗೆ ಹೋಗೋಣ ಎಂದೆವು. “ನಾಳಿಕ್ಕೆ ಕನಕಪುರ” ಎಂದರು ಮೇಡಂ.

ಕನಕಪುರದ ಹೊರಗೆ ತೋಟದ ಮನೆಯಲ್ಲಿ ಶಿವಲಿಂಗಯ್ಯ ಎಂಬ ನಿವೃತ್ತ ಪಶುವೈದ್ಯರಿದ್ದರು. ಆಗಾಗ ಕಾಮೆಂಟು ಬರೆಯುವರು, ಬರೆದಾಗಲೆಲ್ಲ ಫೋನ್ ಬಿಲ್ಲಿನ ಗೋಳು. ಅವರದು ಫೋನಿಗೆ ಕಟ್ಟಿದ ನಿಧಾನದ ಇಂಟರ್‌ನೆಟ್ಟು, ನಿಮಿಷಕ್ಕೆ ಇಷ್ಟೆಂದು ಬಿಲ್ಲು ಏರುವಂಥದು. ಅದಕ್ಕೆ ಅವರು ಒಂದು ಬೇರೆ ಬಗೆಯ ಫೀಡ್ ರೀಡರ್ ಇಟ್ಟುಕೊಂಡಿದ್ದರು. ಬೆಳಗ್ಗೆ ಒಮ್ಮೆ ಲೈನು ಸೇರಿಸಿದರೆ ಅದು ಬರಹ, ಚಿತ್ರ ಎಲ್ಲವನ್ನೂ ಅವರ ಕಂಪ್ಯೂಟರಿಗೇ ಎಳೆದು ಇಟ್ಟುಕೊಳ್ಳುತ್ತಿತ್ತು. ಆಮೇಲೆ ಲೈನು ಕಡಿದು, ದಿನವಿಡೀ ಬಿಟ್ಟಿಯಾಗಿ ಓದುವರು. ಉಳಿದ ಫೀಡ್ ರೀಡರಿನವರ ಹತ್ತಿರ ಬರಹ ಇದ್ದೀತು, ಫೋಟೋ ಇರುವುದು ಅನುಮಾನ, ಈ ಜಿಪುಣರ ಹತ್ತಿರ ಮಾತ್ರ ಇರಬೇಕು ಎಂದು ಬಸ್ಸಿನಲ್ಲಿ ನಯಾಜ್ ಹೇಳಿದರು. ಇರಬೇಕು ಎಂದರೇ ಹೊರತು ಇದೆ ಎನ್ನಲಿಲ್ಲ. ಮೇಡಂ ದಾರಿಯುದ್ದಕ್ಕೂ ಬೆನ್ನು ಆನಿಸದೆ ಕುಳಿತಿದ್ದರು. ಆನಿಸಲು ಆಗುತ್ತಿರಲಿಲ್ಲ.

ಶಿವಲಿಂಗಯ್ಯ ಬಾಗಿಲಿಗೆ ಬಂದು, ಸೀಳಿದ ಕನ್ನಡಕದ ಅಪರಿಚಿತ ಹೆಂಗಸನ್ನು ನೋಡಿ ಯಾರೆಂದು ಕೇಳಿದರು.

“ಆಪರೇಟರ್” ಎಂದರು.

ಶಿವಲಿಂಗಯ್ಯ ಚಪ್ಪಲಿ ಕೂಡ ಹಾಕದೆ ಅಂಗಳಕ್ಕಿಳಿದರು. “ಇವತ್ತು ನಿಮ್ಮದು ಬರ್ಲಿಲ್ಲ ಕಣ್ರಮ್ಮ. ಮಷೀನೇ ಕೆಟ್ಟೋಯ್ತು ಅಂದ್ಕಂಡಿದ್ದೆ. ಬನ್ನಿ, ಒಳೀಕ್ ಬನ್ನಿ.”

ಕಂಪ್ಯೂಟರ್ ನಿಧಾನವಾಗಿ ಹೊತ್ತಿಕೊಂಡಿತು. ಎಡಗಡೆ ಸಾಲಾಗಿ ಎಲ್ಲ ಬರಹಗಳೂ ಇದ್ದವು, ಮೊದಲನೆಯದರಿಂದ. ಗಸಗಸೆ ಹಾಲೂ ಇತ್ತು. ಶಿವಲಿಂಗಯ್ಯ ಜಯಮ್ಮನದನ್ನು ಒತ್ತಿದರು. ಅಕ್ಷರ ಮೊದಲು ಬಂತು. ಚಿತ್ರದ ಜಾಗದಲ್ಲಿ ಸ್ವಲ್ಪ ಹೊತ್ತು ಬರೀ ಬಿಳಿ. ನಯಾಜ್ ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ ಮೇಲಿನಿಂದ ಕೆಳಕ್ಕೆ ಗೋಡೆ ಮೂಡಿತು, ಜಯಮ್ಮ ಮೂಡಿದಳು, ಚಪ್ಪಡಿ, ಪೈಪು, ಹಸಿರು ನೀರು. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬುಧವಾರ ಬೆಳಗ್ಗೆ ಕಾಂಪೌಂಡಿನ ಹೊರಗೆ ನಾವೆಲ್ಲ ಇದ್ದೆವು. ಶಿವಲಿಂಗಯ್ಯ ಮಗಳನ್ನು ಕರೆದುಕೊಂಡು ಅಷ್ಟು ದೂರದಿಂದ ಬಂದಿದ್ದರು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಮ್ಯಾನೇಜರ್ ಅಧಿಕಾರಿಗೆ, ಇಲ್ಲಿ ಯಾವ ಪೈಪೂ ಯಾವತ್ತೂ ಇರಲಿಲ್ಲ ಎಂದರು. ಮೇಡಂ ಪ್ರಿಂಟು ಮಾಡಿದ ಫೋಟೋವನ್ನು ಅಧಿಕಾರಿಯ ಕೈಗೆ ಕೊಟ್ಟರು. “ಇದು ಎಲ್ಲಿಯ ಗೋಡೆ ಅಂತ ಹೇಗೆ ಹೇಳೋದಮ್ಮ?” ಎಂದು ಅಧಿಕಾರಿ ಕೇಳಿದರು. ನ್ಯಾಯವಾದ ಪ್ರಶ್ನೆ. ಜಯಮ್ಮ ಉತ್ತರ ಕೊಡಲಿಲ್ಲ. ಹಳ್ಳದ ಪಕ್ಕ ಬೆಳೆದಿದ್ದ ಹುಲ್ಲನ್ನು ಕಾಲಿನಿಂದ ಸರಿಸಿ, ಅಡಿಯಲ್ಲಿದ್ದ ಚಪ್ಪಡಿಯ ಮೇಲೆ ಹತ್ತಿ, ಫೋಟೋದಲ್ಲಿ ನಿಂತ ಹಾಗೇ ನಿಂತಳು. ಹಿಂದಿನ ಹುಣಸೆಮರದ ಸೀಳು ಕೊಂಬೆ ಫೋಟೋದಲ್ಲಿ ಅವಳ ಹೆಗಲ ಮೇಲೆ ಇತ್ತು, ಈಗಲೂ ಅಲ್ಲೇ ಇತ್ತು. ಅಧಿಕಾರಿ ಕಾಗದ ನೋಡಿದರು, ಅವಳನ್ನು ನೋಡಿದರು, ಹಾರೆ ತರಿಸಿ ಎಂದರು. ಶೆಡ್ಡಿನ ಆಳುಗಳಲ್ಲಿ ಒಬ್ಬರೂ ಹಾರೆ ಮುಟ್ಟಲಿಲ್ಲ.

“ಕೊಡಿ ಇಲ್ಲಿ” ಎಂದಳು ಜಯಮ್ಮ.

ನಾಲ್ಕೈದು ಏಟಿಗೆ ಹಸಿ ಸಿಮೆಂಟು ಉದುರಿತು. ಒಳಗೆ ಕತ್ತರಿಸಿದ ಪೈಪಿನ ಬಾಯಿ. ಕಟ್ಟಿಕೊಂಡಿದ್ದ ಹಸಿರು ನೀರು ಸುಣ್ಣದ ಗೋಡೆಯ ಮೇಲೆ ಇಳಿದು ಅವಳ ಕಾಲ ಬಳಿ ಬಂತು. ಅಧಿಕಾರಿ ಬಾಟಲಿ ತರಿಸಿ ತುಂಬಿಸಿಕೊಂಡರು.

ಶೆಡ್ಡಿಗೆ ಬೀಗ ಬಿತ್ತು. ಕೆಲವು ತಿಂಗಳ ನಂತರ ಬೇರೆ ಹೆಸರಿನಲ್ಲಿ ಬೇರೆಲ್ಲೋ ತೆರೆದರೆಂದು ಕೇಳಿದ್ದೇನೆ, ನೋಡಿಲ್ಲ. ಜಯಮ್ಮನ ಹುಳುಗಳಿಗೆ ಯಾರೂ ಪರಿಹಾರ ಕೊಡಲಿಲ್ಲ. ಬಾವಿಯ ನೀರು ಬಳಸುವಂತಾಗಲು ವರ್ಷಗಳೇ ಹಿಡಿದವು. ಆದರೆ ಅವಳು ಆ ತೋಟ ಬಿಡಲಿಲ್ಲ. ಮೇಡಂ ಹೊಸ ಬ್ಲಾಗು ತೆರೆದು, ಶಿವಲಿಂಗಯ್ಯ ಕೊಟ್ಟ ಸಿ.ಡಿ.ಯಿಂದ ಹಳೆಯದನ್ನೆಲ್ಲ ಮತ್ತೆ ಹಾಕಿದರು. ನೀಲಿ ಇ ಹೋಗಿ, ನರಿ ಕಡಿಮೆಯಾಗಿ, ಜನ ಫೋನುಗಳಲ್ಲಿ ಓದುವ ಕಾಲ ಬಂದರೂ ಬರೆಯುತ್ತಿದ್ದರು. ಬೆನ್ನಿನ ನೋವು ಕೊನೆಯವರೆಗೂ ಇತ್ತು.

ಅವರು ಬಿದ್ದದ್ದನ್ನು, ಗೋಡೆ ಒಡೆದದ್ದನ್ನು ನೋಡಿ, ಇಂದಿಗೂ ಬದುಕಿರುವವರು ಇವರು. ನಯಾಜ್: ಸೈಬರ್ ಅಂಗಡಿ ಮುಚ್ಚಿದ್ದಾರೆ, ಅದೇ ಜಾಗದಲ್ಲಿ ತಂದೆಯ ಲೇತ್ ನಡೆಸುತ್ತಾರೆ. ಅವರು ಎರಡನ್ನೂ ನೋಡಿದ್ದಾರೆ. ಶಿವಲಿಂಗಯ್ಯ ಇಲ್ಲ. ಅವರ ಮಗಳು ಸುಧಾ ಕನಕಪುರದಲ್ಲೇ ಇದ್ದಾರೆ, ಗೋಡೆ ಒಡೆದದ್ದನ್ನು ನೋಡಿದ್ದಾರೆ. ಆ ಮ್ಯಾನೇಜರ್ ಇದ್ದಾರೆ. ಅವರೂ ಎರಡನ್ನೂ ನೋಡಿದ್ದಾರೆ, ಬಿಡದಿಯ ಸ್ಟೇಷನ್ನಿನಲ್ಲಿ ಎದುರಾದರೆ ನನ್ನ ಗುರುತು ಹಿಡಿಯುತ್ತಾರೆ. ಮತ್ತೆ ಜಯಮ್ಮ. ಪಂಕ್ತಿಯಲ್ಲಿ ಆ ನೆಂಟರು ಅಂದ ಮಾತನ್ನು ಮೊನ್ನೆ ಅವಳಿಗೆ ಹೇಳಿದೆ. ಸೊಪ್ಪು ಕೊಯ್ಯುತ್ತಿದ್ದವಳು ಕುಡುಗೋಲು ಹಿಡಿದೇ ತಿರುಗಿದಳು.

“ಯಾರಣ್ಣ ಅವ್ನು? ನನ್ ತಾವ ಕಳ್ಸು. ಅಕ್ಷರ ಗೊತ್ತಿಲ್ದೋಳು ನಾನೇ ಓದಿವ್ನಿ ಅಂತ ಹೇಳು.”